ಗುಬ್ಬಕ್ಕ, ಬಾಗ್ಲು ತೆಗಿ: ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮೊದಲ ನಾಟಕ

ಮೂರನೇ, ನಾಲ್ಕನೇ ತರಗತಿಯ ಮಕ್ಕಳ ಕೈಗೆ ಸಂಭಾಷಣೆ ಬರೆದ ಹಾಳೆ ಕೊಟ್ಟು ‘ಬಾಯಿಪಾಠ ಮಾಡ್ಕೊಂಡು ಬನ್ನಿ’ ಎಂದರೆ ನಾಟಕ ಅಲ್ಲಿಗೇ ಕೆಟ್ಟಿತು. ಮಗ್ಗಿ ಒಪ್ಪಿಸುವ ರಾಗದಲ್ಲೇ ಮಕ್ಕಳು ಮಾತನ್ನೂ ಒಪ್ಪಿಸುತ್ತಾರೆ. ಆ ರಾಗ ಒಮ್ಮೆ ನಾಲಿಗೆಯಲ್ಲಿ ಕೂತರೆ ಬಿಡಿಸುವುದು ಬಲು ಕಷ್ಟ. ಅದಕ್ಕೇ ಇಲ್ಲಿನ ಕ್ರಮ ಬೇರೆ: ಮೊದಲು ಮೈ, ಆಮೇಲೆ ಕಥೆ, ಕೊನೆಗೆ ಮಾತು. 25 ಮಕ್ಕಳು, 40 ನಿಮಿಷದ 12 ಅವಧಿ, 8ರಿಂದ 10 ನಿಮಿಷದ ನಾಟಕ ಎಂದು ಲೆಕ್ಕ ಇಟ್ಟುಕೊಳ್ಳಿ.

ಯಾವಾಗ ಶುರು ಮಾಡುತ್ತೀರಿ ಎನ್ನುವುದೂ ಮುಖ್ಯ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜುಲೈ ಮಳೆಗೆ ಶೀಟಿನ ಮಾಡಿನ ಕೆಳಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಡಿಸೆಂಬರ್ ಬಂದರೆ ಕಾಫಿ ಕೊಯ್ಲು. ಕೂಲಿಯವರ ಮಕ್ಕಳು ಅಪ್ಪ ಅಮ್ಮನ ಜೊತೆ ತೋಟ ಬದಲಿಸಿದರೆ ನಡುವೆಯೇ ಪಾತ್ರ ಖಾಲಿ. ಸೆಪ್ಟೆಂಬರ್‌ನಲ್ಲಿ ಹಿಡಿದು ದಸರಾ ರಜೆಗೆ ಮುಂಚೆ ಮುಗಿಸಿ. ಅರಸೀಕೆರೆ, ಕಡೂರಿನ ಬಯಲುಸೀಮೆಯಲ್ಲಿ ಅಂಗಳದಲ್ಲೇ ಆಡಬಹುದು. ಆದರೆ ಗಾಳಿ ಮಾತನ್ನು ಎಳೆದೊಯ್ಯುತ್ತದೆ, ಮಕ್ಕಳ ಬೆನ್ನಿಗೆ ಶಾಲೆಯ ಗೋಡೆ ಇರಲಿ.

ಮೊದಲ ಮೂರು ಅವಧಿ ಕಥೆಯ ಸುದ್ದಿಯೇ ಬೇಡ. ನೆಲದ ಮೇಲೆ ಸುಣ್ಣದಲ್ಲಿ 16 ಅಡಿ ಅಗಲ, 12 ಅಡಿ ಆಳದ ಚೌಕ ಎಳೆಯಿರಿ, ಅದೇ ರಂಗ. ಅದರೊಳಗೆ ಒಬ್ಬರಿಗೊಬ್ಬರು ತಾಗದೆ ನಡೆಯುವುದು, ಚಪ್ಪಾಳೆ ಬಿದ್ದೊಡನೆ ಶಿಲೆಯಾಗಿ ನಿಲ್ಲುವುದು. ಬೇಲೂರಿನ ಮದನಿಕೆಯರನ್ನು ನಮ್ಮ ಮಕ್ಕಳಲ್ಲಿ ಬಹಳ ಜನ ನೋಡಿರುತ್ತಾರೆ. ದರ್ಪಣ ಸುಂದರಿ ಕನ್ನಡಿ ಹಿಡಿದ ಹಾಗೆ ನಿಲ್ಲಿ ಎಂದರೆ ಕೈ ಎಲ್ಲಿ, ಸೊಂಟ ಎಲ್ಲಿ, ಕಣ್ಣು ಎಲ್ಲಿ ಎಂದು ತಾವೇ ಹುಡುಕಿಕೊಳ್ಳುತ್ತಾರೆ. 10 ಎಣಿಸುವವರೆಗೆ ಕದಲದೆ ನಿಲ್ಲಲು ಬಂದ ಮೇಲೆಯೇ ಮುಂದಕ್ಕೆ ಹೋಗಿ. ನಿಲ್ಲಲು ಬಾರದ ಮಗು ರಂಗದ ಮೇಲೆ ಅಂಗಿಯ ಅಂಚು ತಿರುಚುತ್ತಲೇ ಇರುತ್ತದೆ.

ಕಥೆ ಎಲ್ಲರಿಗೂ ಗೊತ್ತಿರುವ ಕಾಗಕ್ಕ ಗುಬ್ಬಕ್ಕನದೇ ಸಾಕು. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಮಳೆಗೆ ಸಗಣಿ ಮನೆ ಕರಗಿತು, ಕಾಗಕ್ಕ ಆಸರೆ ಕೇಳಿ ಗುಬ್ಬಕ್ಕನ ಬಾಗಿಲಿಗೆ ಬಂದಳು. 25 ಮಕ್ಕಳಿಗೂ ಇದರಲ್ಲಿ ಕೆಲಸವಿದೆ: ಮಳೆ 6, ಸಗಣಿ ಮನೆ 6, ಕಲ್ಲಿನ ಮನೆ 6, ಗುಬ್ಬಿಮರಿ 3, ಸದ್ದು 2, ಕಾಗಕ್ಕ, ಗುಬ್ಬಕ್ಕ. ಮನೆ ಎಂದರೆ ಮಕ್ಕಳೇ ಕೈ ಹೆಣೆದು ನಿಲ್ಲುವುದು. ಸಗಣಿ ಮನೆ ಒಟ್ಟಿಗೆ ಧೊಪ್ಪೆಂದು ಬೀಳಬಾರದು, ಬೆರಳು, ಮೊಣಕೈ, ಭುಜ, ಮಂಡಿ ಹೀಗೆ ಮೇಲಿನಿಂದ ಕರಗುತ್ತಾ ಬರಬೇಕು. ಮಕ್ಕಳಿಗೆ ಇದು ಅತಿ ಇಷ್ಟದ ಭಾಗ, ಆದ್ದರಿಂದಲೇ ಅವಸರ ಮಾಡುತ್ತಾರೆ. ನೀವು 12 ಎಣಿಸಿ, ಅಷ್ಟರಲ್ಲಿ ಕರಗಲಿ.

ನಾಟಕದ ಜೀವ ಇರುವುದು ಬಾಗಿಲ ಬಳಿ. ‘ಗುಬ್ಬಕ್ಕ ಗುಬ್ಬಕ್ಕ, ಬಾಗ್ಲು ತೆಗಿ’ ಎನ್ನುವುದು ಮೂರು ಸಲ ಬರುತ್ತದೆ, ಮೂರೂ ಸಲ ಒಂದೇ ದನಿ ಬರುವುದೇ ದೊಡ್ಡ ತೊಂದರೆ. ಹೀಗೆ ಹೇಳು, ಹಾಗೆ ಹೇಳು ಎಂದು ತೋರಿಸಿಕೊಡಬೇಡಿ. ಮಗು ನಿಮ್ಮ ದನಿಯನ್ನು ನಕಲು ಮಾಡುತ್ತದೆ. ಬದಲಿಗೆ ಗುಬ್ಬಕ್ಕನ ಕಿವಿಯಲ್ಲಿ ಮೂರು ಕೆಲಸ ಹೇಳಿ: ಮರಿಗೆ ನೀರು ಹಾಕುವುದು, ಒರೆಸುವುದು, ತೊಟ್ಟಿಲಿಗೆ ಹಾಕಿ ತೂಗುವುದು. ಅವು ಮುಗಿಯದೆ ಬಾಗಿಲು ತೆಗೆಯುವಂತಿಲ್ಲ. ಎಷ್ಟು ಹೊತ್ತು ಎಂದು ಕಾಗಕ್ಕನಿಗೆ ಗೊತ್ತಿರಬಾರದು. ಹೊರಗೆ ಆರು ಮಕ್ಕಳು ಮಳೆಯಾಗಿ ಬೆರಳಲ್ಲಿ ಅವಳ ಬೆನ್ನು ತಟ್ಟುತ್ತಿರಲಿ. ಎರಡನೇ ಸಲಕ್ಕೆ ದನಿಯಲ್ಲಿ ಅಳು ಬರುತ್ತದೆ, ಮೂರನೇ ಸಲಕ್ಕೆ ಸಿಟ್ಟು. ‘ತಡಿಯೇ, ಮಗೀಗೆ ನೀರ್ ಹಾಕ್ತಿದ್ದೀನಿ’ ಎಂದು ಗುಬ್ಬಕ್ಕ ಮನೆಯ ಮಾತಿನಲ್ಲೇ ಆಡಲಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಮನೆಯಲ್ಲಿ ತುಳು, ತಮಿಳು, ಉರ್ದು ಆಡುವ ಮಗುವಾದರೆ ಜೋಗುಳ ಆ ಭಾಷೆಯಲ್ಲೇ ಇರಲಿ. ತರಗತಿಯಲ್ಲಿ ಬಾಯಿಬಿಡದ ಎಷ್ಟೋ ಮಕ್ಕಳು ಇಲ್ಲಿ ದನಿ ತೆಗೆಯುತ್ತಾರೆ.

ಬಾಗಿಲಾಗಿ ನಿಂತ ಇಬ್ಬರು ಪ್ರೇಕ್ಷಕರಿಗೆ ಓರೆಯಾಗಿ ನಿಲ್ಲಲಿ. ನೇರ ನಿಲ್ಲಿಸಿದರೆ ಬಾಗಿಲು ತಟ್ಟುವ ಕಾಗಕ್ಕನ ಬೆನ್ನಷ್ಟೇ ಕಾಣುತ್ತದೆ, ಮಾತೂ ಒಳಗೋಡೆಗೆ ಹೋಗುತ್ತದೆ.

ಮುಖವಾಡಕ್ಕೆ ಅಡಿಕೆ ಹಾಳೆಗಿಂತ ಒಳ್ಳೆಯದು ಬೇರೆ ಬೇಡ. ಹಾಳೆಯನ್ನು ಮೆತ್ತಗಾಗುವವರೆಗೆ ನೀರಿನಲ್ಲಿ ನೆನೆಸಿ, ಕತ್ತರಿಸಿ, ಮೇಲೆ ಕಲ್ಲು ಹೇರಿ ನೆರಳಲ್ಲಿ ಒಣಗಿಸಿ. ಹಸಿಯಾಗಿ ಬಿಟ್ಟರೆ ಸುರುಳಿಯಾಗುತ್ತದೆ, ಮಲೆನಾಡಿನಲ್ಲಾದರೆ ಬೂಸ್ಟು ಹಿಡಿಯುತ್ತದೆ. ಅದನ್ನು ಮುಖಕ್ಕೆ ಕಟ್ಟದೆ ಹಣೆಯ ಮೇಲೆ ಕಟ್ಟಿ. ಬಾಯಿ ಮುಚ್ಚಿದರೆ ಮಾತು ಉಳಿಯುವುದಿಲ್ಲ, ಕಣ್ಣೂ ಕಾಣುವುದಿಲ್ಲ. ಮಳೆಯ ಸದ್ದಿಗೆ ಪೌಡರ್ ಡಬ್ಬದಲ್ಲಿ ಒಂದು ಹಿಡಿ ಒಣ ಕಾಫಿ ಬೀಜ, ಸಣ್ಣ ಹನಿಗೆ ಅರ್ಧ ಹಿಡಿ ರಾಗಿ. ಕಾಗಕ್ಕ ಮಾತಾಡುವಾಗ ಡಬ್ಬ ನಿಲ್ಲಬೇಕು. ಇದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಿ, ಸದ್ದಿನ ಮಕ್ಕಳು ಆಟದ ಗುಂಗಿನಲ್ಲಿ ಮರೆಯುತ್ತಾರೆ.

ಮೈಕ್ ಬೇಡವೇ ಬೇಡ. ಕಂಡೊಡನೆ ಮಕ್ಕಳು ಅದರ ಮುಂದೆ ಸಾಲುಗಟ್ಟಿ ನಿಲ್ಲುತ್ತಾರೆ, ಕಟ್ಟಿದ ಚಲನೆಯೆಲ್ಲ ಹೋಗುತ್ತದೆ. ಹಾಸನಾಂಬ ಕಲಾಕ್ಷೇತ್ರದಂಥ ದೊಡ್ಡ ರಂಗಮಂದಿರಕ್ಕೆ ಮೊದಲ ನಾಟಕವನ್ನು ಒಯ್ಯಬೇಡಿ, ತರಗತಿಯ ಕೋಣೆ ಸಾಕು. ಹಿಂದಿನ ಬೆಂಚಿನಲ್ಲಿ ಒಂದು ಮಗುವನ್ನು ಕೂರಿಸಿ, ಕೇಳದಾಗ ಕೈ ಎತ್ತಲಿ. ‘ಜೋರಾಗಿ’ ಎಂದು ನೀವು ಕೂಗಿದರೆ ಅವರೂ ಕೂಗುತ್ತಾರೆ, ಗಂಟಲು ಕಟ್ಟುತ್ತದೆ.

ಕೊನೆಯ ಎರಡು ಅವಧಿಯಲ್ಲಿ ಪಾತ್ರ ಅದಲುಬದಲು ಮಾಡಿ, ಒಬ್ಬರು ಗೈರಾದರೂ ಆಟ ನಿಲ್ಲದು. ಆಡುವ ದಿನ ಬದಿಯಲ್ಲಿ ನಿಂತು ಮಾತು ಹೇಳಿಕೊಡಬೇಡಿ. ಒಮ್ಮೆ ಹೇಳಿಕೊಟ್ಟರೆ ಪ್ರತಿ ಮಾತಿಗೂ ನಿಮ್ಮ ಕಡೆ ಕತ್ತು ತಿರುಗುತ್ತದೆ. ಮಾತು ಮರೆತರೆ ಕಾಗಕ್ಕ ಮತ್ತೊಮ್ಮೆ ಬಾಗಿಲು ತಟ್ಟಲಿ, ಗುಬ್ಬಕ್ಕನ ಮರಿಗೆ ಇನ್ನೂ ತಲೆ ಒರೆಸುವುದಿದೆ.