ಸಹಭಾಗಿತ್ವ: ಪದದೊಳಗಿನ ಪಾಲು

2025ರಲ್ಲಿ ವಿಜಯಪುರದಲ್ಲಿ ತಿಂಗಳುಗಟ್ಟಲೆ ಧರಣಿ ನಡೆಯಿತು. ಬೇಡಿಕೆ ಒಂದೇ ಸಾಲಿನದು: ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬೇಕು, ಪಿಪಿಪಿ (ಪಬ್ಲಿಕ್–ಪ್ರೈವೇಟ್ ಪಾರ್ಟ್‌ನರ್‌ಶಿಪ್) ಬೇಡ. ಇತ್ತ ದೇವನಹಳ್ಳಿ ಹತ್ತಿರದ ಕೆಂಪೇಗೌಡ ವಿಮಾನ ನಿಲ್ದಾಣವೂ ಪಿಪಿಪಿಯೇ. ಅಲ್ಲಿ ವಿಮಾನ ಹತ್ತುವವರು ಆ ಮೂರಕ್ಷರಕ್ಕೆ ತಲೆ ಕೆಡಿಸಿಕೊಂಡದ್ದನ್ನು ನಾನಂತೂ ಕಂಡಿಲ್ಲ. ಒಂದೇ ಹೆಸರು ಒಂದೂರಲ್ಲಿ ಜನರನ್ನು ಬೀದಿಗೆ ತರುತ್ತದೆ, ಇನ್ನೊಂದು ಕಡೆ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದರೆ ಆ ಹೆಸರಿನ ಚೀಲದಲ್ಲಿ ಬೇರೆ ಬೇರೆ ಸರಕು ತುಂಬಿದೆ ಎಂದೇ ಲೆಕ್ಕ.

ಪತ್ರಿಕೆಗಳ ಕನ್ನಡದಲ್ಲಿ ಇದು ‘ಸಾರ್ವಜನಿಕ–ಖಾಸಗಿ ಸಹಭಾಗಿತ್ವ’. ಶೀರ್ಷಿಕೆಗೆ ಅಷ್ಟು ಜಾಗವಿಲ್ಲದ್ದರಿಂದ ‘ಖಾಸಗಿ ಸಹಭಾಗಿತ್ವ’ ಎಂದು ಮೊಟಕಾಗುತ್ತದೆ; ಹಾಗೆ ಮೊಟಕಾಗುವಾಗ ಮೊದಲು ಉದುರುವುದು ‘ಸಾರ್ವಜನಿಕ’ ಎಂಬ ಪದ. ಇದು ಬರೀ ಶೀರ್ಷಿಕೆಯ ತಾಪತ್ರಯ ಎಂದು ನನಗೆ ಯಾವತ್ತೂ ಅನ್ನಿಸಿಲ್ಲ.

ಪದವನ್ನು ಬಿಡಿಸಿದರೆ ಸಹ, ಭಾಗಿ, ತ್ವ. ಭಾಗ ಅಂದರೆ ಪಾಲು. ಭಾಗಿ ಅಂದರೆ ಪಾಲು ಉಳ್ಳವನು. ಜತೆಯಲ್ಲಿ ಪಾಲು ಹೊಂದಿರುವುದು ಸಹಭಾಗಿತ್ವ. ಆದರೆ ಇವತ್ತಿನ ಕನ್ನಡದಲ್ಲಿ ‘ಭಾಗಿ’ ಸವೆದುಹೋಗಿದೆ. ‘ಶಂಕುಸ್ಥಾಪನೆ ಸಮಾರಂಭದಲ್ಲಿ ಸಚಿವರು ಭಾಗಿ’ ಎಂದರೆ ಬಂದರು, ಹಾರ ಹಾಕಿಸಿಕೊಂಡರು, ಹೋದರು ಎಂದಷ್ಟೇ ಅರ್ಥ. ಹೀಗೆ ಒಂದು ಅರ್ಥದಲ್ಲಿ ಪಾಲು, ಇನ್ನೊಂದರಲ್ಲಿ ಬರೀ ಹಾಜರಿ. ಸರ್ಕಾರ ಮತ್ತು ಉದ್ಯಮ ಕೈಜೋಡಿಸಿದ ಯಾವುದೇ ಯೋಜನೆಯನ್ನು ನೋಡುವಾಗ ಮೊದಲು ಕೇಳಬೇಕಾದ್ದು, ಇದು ಯಾವ ‘ಭಾಗಿ’ ಎಂದು.

ಇದಕ್ಕೆ ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಊರಿನ ಮಾತೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನೆಲ ಒಬ್ಬನದು, ದುಡಿಮೆಯೋ ದುಡ್ಡೋ ಇನ್ನೊಬ್ಬನದು ಎಂದಾಗ ನಮ್ಮಲ್ಲಿ ಮೂರು ತರಹದ ಒಪ್ಪಂದಗಳಿದ್ದವು. ಒಂದು ಗುತ್ತಿಗೆ: ಇಷ್ಟು ಕೆಲಸ, ಇಷ್ಟು ದುಡ್ಡು, ಮುಗಿಸಿ ಹೊರಡು. ಬಾವಿ ತೋಡಿದವನಿಗೆ ಆಮೇಲೆ ಅದರಲ್ಲಿ ನೀರು ನಿಂತಿತೋ ಇಲ್ಲವೋ ಸಂಬಂಧವಿಲ್ಲ. ಎರಡನೆಯದು ಭೋಗ್ಯ: ಹಣ ಹಾಕಿದವನು ಗೊತ್ತಾದ ಅವಧಿಯವರೆಗೆ ಆಸ್ತಿಯನ್ನು ಅನುಭವಿಸುತ್ತಾನೆ, ಅವಧಿ ಮುಗಿದ ಮೇಲೆ ಬಿಟ್ಟುಕೊಡುತ್ತಾನೆ. ಬೆಂಗಳೂರಿನ ಬಾಡಿಗೆ ಮನೆ ಬೋರ್ಡುಗಳಲ್ಲಿ ಈ ಪದ ಇನ್ನೂ ಗಟ್ಟಿಯಾಗಿದೆ. ಮೂರನೆಯದು ವಾರ, ಉತ್ತರ ಕರ್ನಾಟಕದ ಕಡೆ ಕೋರು ಎನ್ನುತ್ತಾರೆ. ನೆಲ ಕೊಟ್ಟವನಿಗೂ ಉತ್ತವನಿಗೂ ಬೆಳೆಯಲ್ಲಿ ಪಾಲು. ಮಳೆ ಕೈಕೊಟ್ಟರೆ ಇಬ್ಬರ ಕಣಜವೂ ಖಾಲಿ. ವಾರದ ಪದ್ಧತಿ ನ್ಯಾಯದ್ದಾಗಿತ್ತು ಎಂದು ಹೇಳುತ್ತಿಲ್ಲ. 1974ರ ಭೂಸುಧಾರಣೆ ಸುಮ್ಮನೆ ಬರಲಿಲ್ಲ. ಆದರೆ ನಷ್ಟದಲ್ಲೂ ಪಾಲು ಎಂಬ ಗೆರೆ ವಾರದಲ್ಲಿ ಸ್ಪಷ್ಟವಾಗಿತ್ತು.

ಸರ್ಕಾರ ಟೆಂಡರ್ ಕರೆದು ರಸ್ತೆಗೆ ಡಾಂಬರು ಹಾಕಿಸಿದರೆ ಅದು ಗುತ್ತಿಗೆ. ಕಂಪನಿಯೊಂದು ತನ್ನ ಹಣದಲ್ಲಿ ರಸ್ತೆ ಮಾಡಿ, ಇಷ್ಟು ವರ್ಷ ಟೋಲ್ ವಸೂಲು ಮಾಡಿಕೊಂಡು, ಆಮೇಲೆ ಸರ್ಕಾರಕ್ಕೆ ಒಪ್ಪಿಸಿದರೆ ಅದು ಭೋಗ್ಯ. ಬಿಒಟಿ (ಕಟ್ಟು, ನಡೆಸು, ಒಪ್ಪಿಸು) ಎಂದು ಕರೆದರೂ ಒಳಗಿರುವುದು ಅಜ್ಜನ ಕಾಲದ ಭೋಗ್ಯವೇ. ಇಬ್ಬರೂ ಷೇರು ಹಾಕಿ ಒಂದು ಕಂಪನಿ ಕಟ್ಟಿ, ಲಾಭ ಬಂದರೆ ಇಬ್ಬರೂ ಉಂಡು, ಮುಳುಗಿದರೆ ಇಬ್ಬರೂ ಮುಳುಗುವುದಾದರೆ ಅದು ವಾರ. ಮೂರನ್ನೂ ಇವತ್ತು ಒಂದೇ ಉಸಿರಿನಲ್ಲಿ ಸಹಭಾಗಿತ್ವ ಎನ್ನುತ್ತೇವೆ.

ವಾರದ ಬಗೆಯದು ನಮಗೆ ಹೊಸದಲ್ಲ. ಹಳೆಯ ಮೈಸೂರು ಸಂಸ್ಥಾನ ಆಡುತ್ತಿದ್ದ ಆಟವೇ ಅದು. ಕೃಷ್ಣರಾಜಸಾಗರದ ನಾಲೆ ನೀರು ಮಂಡ್ಯದ ಹೊಲಗಳಿಗೆ ಹರಿದ ಮೇಲೆ ಆ ನೀರಿಗೆ ತಕ್ಕ ಬೆಳೆ ಬೇಕಾಯಿತು, ಬೆಳೆದ ಕಬ್ಬಿಗೆ ಕೊಳ್ಳುವವರು ಬೇಕಾದರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರಲ್ಲಿ ಸರ್ಕಾರದ ಷೇರೂ ಇತ್ತು, ಕಬ್ಬು ಬೆಳೆಯುವ ರೈತರ ಷೇರೂ ಇತ್ತು. ಮಂಡ್ಯದವರ ಬಾಯಲ್ಲಿ ಅದು ಮೈಷುಗರ್. ಪಾಲು ಇದ್ದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳುವವರಿಗೂ ಅದೇ ಉತ್ತರ ಕೊಡುತ್ತದೆ: ವರ್ಷಗಟ್ಟಲೆ ಗಾಣ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯಲು ಶುರುವಾಯಿತು.

ಇನ್ನೊಂದು ಕಥೆ ಇನ್ನೂ ಸ್ವಾರಸ್ಯದ್ದು. ಮುಂಬೈ ಕಡೆಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಭಾರತದಲ್ಲಿ ವಿಮಾನ ಕಾರ್ಖಾನೆ ಕಟ್ಟುವ ಹುಚ್ಚು. ಎರಡನೇ ಮಹಾಯುದ್ಧ ಶುರುವಾಗಿತ್ತು. ಆಗ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಜಾಗ ಕೊಟ್ಟರು, ಸಂಸ್ಥಾನದ ಹಣವನ್ನು ಷೇರಾಗಿ ಹಾಕಿದರು. ಭದ್ರಾವತಿಯಲ್ಲಿ ಉಕ್ಕು ತಯಾರಾಗುತ್ತಿತ್ತು, ಶಿವನಸಮುದ್ರದಿಂದ ವಿದ್ಯುತ್ ಬರುತ್ತಿತ್ತು, ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಇತ್ತು. 1940ರ ಡಿಸೆಂಬರ್ 23ರಂದು ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ, ಅಂದರೆ ಇಂದಿನ ಎಚ್‌ಎಎಲ್, ನೋಂದಣಿಯಾಯಿತು. 1941ರಲ್ಲಿ ಭಾರತ ಸರ್ಕಾರವೂ ಪಾಲು ಕೊಂಡಿತು. ಯುದ್ಧದ ಬಿಸಿ ಹತ್ತಿರ ಬಂದಂತೆ 1942ರಲ್ಲಿ ವಾಲ್‌ಚಂದ್ ಅವರ ಪಾಲನ್ನೂ ಕೊಂಡು ತಾನೇ ನಡೆಸತೊಡಗಿತು. ಖಾಸಗಿಯವರು ಎರಡು ವರ್ಷವೂ ಇರಲಿಲ್ಲ. ಆದರೆ ಅದೇ 1942ರ ಕೊನೆಗೆ ಇನ್‌ಸ್ಟಿಟ್ಯೂಟಿನಲ್ಲಿ ವಿಮಾನಶಾಸ್ತ್ರ ವಿಭಾಗ ತೆರೆಯಿತು. ಬೆಂಗಳೂರು ಈಗ ವಿಮಾನ, ಉಪಗ್ರಹ ಎಂದೆಲ್ಲ ಹೆಸರು ಮಾಡಿರುವುದರ ಬೇರು ಆ ಎಚ್‌ಎಎಲ್ ಓಡುಹಾದಿಯ ಪಕ್ಕದಲ್ಲೇ ಇದೆ. ಆ ಓಡುಹಾದಿ ಈ ಬರಹದಲ್ಲಿ ಮತ್ತೆ ಬರುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಇದೇ ಬಗೆಗೆ ಒಂದು ಅಧಿಕೃತ ಹೆಸರು ಬಂತು: ಜಂಟಿ ವಲಯ. ಕೈಗಾರಿಕಾ ಲೈಸೆನ್ಸುಗಳ ವಿಚಾರಣೆ ನಡೆಸಿದ ದತ್ ಸಮಿತಿ 1969ರಲ್ಲಿ ಇದನ್ನು ಸೂಚಿಸಿತು, ಮರುವರ್ಷದ ಲೈಸೆನ್ಸ್ ನೀತಿಯಲ್ಲಿ ಅದು ಸೇರಿತು. ರಾಜ್ಯಗಳ ಕೈಗಾರಿಕಾ ಅಭಿವೃದ್ಧಿ ನಿಗಮಗಳು ಖಾಸಗಿ ಉದ್ಯಮಿಯ ಜತೆ ಕಂಪನಿ ಕಟ್ಟುವಾಗ ಒಂದು ಸೂತ್ರ ರೂಢಿಗೆ ಬಂತು: ನಿಗಮಕ್ಕೆ ಶೇ. 26, ಉದ್ಯಮಿಗೆ ಶೇ. 25, ಉಳಿದ ಶೇ. 49 ಸಾರ್ವಜನಿಕರಿಗೆ.

ಈ 26ರಲ್ಲಿ ಒಂದು ಗುಟ್ಟಿದೆ. ಕಂಪನಿ ಕಾನೂನಿನಲ್ಲಿ ಮುಖ್ಯವಾದ ಬದಲಾವಣೆಗಳಿಗೆ ವಿಶೇಷ ನಿರ್ಣಯ ಬೇಕು, ಅದಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೀಳಬೇಕು. ಶೇ. 25ಕ್ಕಿಂತ ಒಂದು ಗುಂಜಿ ಹೆಚ್ಚಿದ್ದವರು ‘ಬೇಡ’ ಎಂದರೆ ಸಾಕು, ನಿರ್ಣಯ ನಿಲ್ಲುತ್ತದೆ. ಅಂದರೆ ಗಾಡಿ ಹೊಡೆಯುವವನು ಉದ್ಯಮಿ, ಆದರೆ ಗಾಡಿಯನ್ನು ಊರ ಗಡಿ ದಾಟಿಸಿ ಮಾರಿಬಿಡದಂತೆ ಹಗ್ಗದ ಒಂದು ತುದಿ ಸರ್ಕಾರದ ಕೈಯಲ್ಲಿ. ದಿನನಿತ್ಯದ ವ್ಯಾಪಾರದಲ್ಲಿ ಸರ್ಕಾರ ಮೂಗು ತೂರಿಸಬೇಕಿಲ್ಲ, ಹೊರಗೆ ನಿಂತು ನೋಡುತ್ತಲೂ ಇರಬೇಕಿಲ್ಲ.

ಇದರ ಅತ್ಯುತ್ತಮ ಉದಾಹರಣೆ ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ, ಆದರೆ ಕರ್ನಾಟಕದಲ್ಲಿ ಇಲ್ಲ. ಅತ್ತಿಬೆಲೆ ದಾಟಿದರೆ ಹೊಸೂರು. ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಓಡುವ ಊರು. ಹಿಂದುಳಿದ ಆ ಸೀಮೆಯಲ್ಲಿ ತಮಿಳುನಾಡು ಸರ್ಕಾರ ಸಿಪ್ಕಾಟ್ ಎಂಬ ತನ್ನ ನಿಗಮದ ಮೂಲಕ ಕೈಗಾರಿಕಾ ಪ್ರದೇಶ ಮಾಡಿತು. 1984ರಲ್ಲಿ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಟಿಡ್ಕೊ, ಟಾಟಾ ಬಳಗದ ಜತೆ ಸೇರಿ ಗಡಿಯಾರದ ಕಂಪನಿ ಹುಟ್ಟುಹಾಕಿತು. ಅದೇ ಟೈಟನ್. ಹೆಸರಿನಲ್ಲೇ ಟಾಟಾ ಮತ್ತು ತಮಿಳುನಾಡು ಎರಡೂ ಅಡಗಿವೆ ಎನ್ನುತ್ತಾರೆ.

ಯಾರು ಏನು ತಂದರು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅದು ಲೈಸೆನ್ಸ್ ಕಾಲ, ಕಾರ್ಖಾನೆ ತೆರೆಯಲು ದೆಹಲಿಯ ಅಪ್ಪಣೆ ಬೇಕಿತ್ತು. ಏಕಸ್ವಾಮ್ಯಕ್ಕೆ ಕಡಿವಾಣ ಹಾಕುವ ಎಂಆರ್‌ಟಿಪಿ ಕಾಯ್ದೆಯ ಕಣ್ಣು ಟಾಟಾದಂಥ ದೊಡ್ಡ ಮನೆತನಗಳ ಮೇಲಿತ್ತು. ರಾಜ್ಯ ಸರ್ಕಾರದ ನಿಗಮ ಜತೆಗಿದ್ದರೆ ದೆಹಲಿಯ ಬಾಗಿಲು ತೆಗೆಯುವುದು ಸುಲಭ. ಟಿಡ್ಕೊ ತಂದದ್ದು ಬಂಡವಾಳದ ಜತೆಗೆ ಆ ಕೀಲಿಕೈಯನ್ನೂ. ಟಾಟಾ ತಂದದ್ದು ಆಡಳಿತ, ವಿನ್ಯಾಸ, ಮಾರುಕಟ್ಟೆಯ ಬುದ್ಧಿ. ಕಂಪನಿಯು ತಮಿಳುನಾಡಿನ ಜಿಲ್ಲೆಗಳಿಂದ ಆಗಷ್ಟೇ ಶಾಲೆ ಮುಗಿಸಿದ ಹುಡುಗ ಹುಡುಗಿಯರನ್ನು ಕರೆತಂದು ಗಡಿಯಾರದ ಸೂಕ್ಷ್ಮ ಕೆಲಸ ಕಲಿಸಿತು. ಮತ್ತೊಂದು ಬಂಡವಾಳ ಯಾರ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ: ಪಕ್ಕದ ಬೆಂಗಳೂರಿನಲ್ಲಿ 1961ರಿಂದ ಎಚ್‌ಎಂಟಿ ಗಡಿಯಾರ ತಯಾರಿಸುತ್ತಿತ್ತು, ಅಲ್ಲಿ ಪಳಗಿದ ಎಂಜಿನಿಯರುಗಳಲ್ಲಿ ಕೆಲವರು ಹೊಸೂರಿಗೆ ನಡೆದರು. ಎಚ್‌ಎಂಟಿ ಕೇಂದ್ರ ಸರ್ಕಾರದ ಉದ್ಯಮ. ಅದರ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಮದುವೆಗೆ ಎಚ್‌ಎಂಟಿ ವಾಚು ಉಡುಗೊರೆ ಪಡೆದ ಮನೆಗಳಲ್ಲಿ ಈ ಮಾತು ಆಡುವುದು ಇಂದಿಗೂ ಕಷ್ಟ.

ಟೈಟನ್‌ನಲ್ಲಿ ಟಿಡ್ಕೊ ಪಾಲು ಈಗ ಶೇ. 27.88. ಟಾಟಾ ಬಳಗದ ಪಾಲು ಅದಕ್ಕಿಂತ ಸ್ವಲ್ಪ ಕಡಿಮೆ. ಇತ್ತೀಚಿನ ವರ್ಷಗಳಲ್ಲಿ ಕಂಪನಿಯ ಮಾರುಕಟ್ಟೆ ಮೌಲ್ಯ ಮೂರು ಲಕ್ಷ ಕೋಟಿ ರೂಪಾಯಿಯ ಆಸುಪಾಸಿನಲ್ಲಿದೆ; ಹಾಗೆ ಲೆಕ್ಕ ಹಾಕಿದರೆ ಒಂದು ರಾಜ್ಯ ನಿಗಮದ ಪಾಲೇ ಎಂಬತ್ತು ಸಾವಿರ ಕೋಟಿಗೂ ಮೇಲೆ. ಉದ್ಯೋಗ, ತೆರಿಗೆ ಎಲ್ಲ ಬೇರೆ. ಜಂಟಿ ವಲಯದಲ್ಲಿ ಹೂಡಿದ್ದೆಲ್ಲ ಟೈಟನ್ ಆಗಲಿಲ್ಲ, ಅದನ್ನೂ ಹೇಳಬೇಕು. ಎಷ್ಟೋ ಕಡೆ ನಿಗಮಗಳ ಕೈಯಲ್ಲಿ ಉಳಿದದ್ದು ಬಾಗಿಲು ಮುಚ್ಚಿದ ಕಾರ್ಖಾನೆಗಳ ಷೇರು ಪತ್ರ. ವಾರ ಅಂದರೆ ಅದೂ ಸೇರಿಯೇ.

1991ರ ನಂತರ ಲೈಸೆನ್ಸ್ ಹೋಯಿತು, ಕೀಲಿಕೈಗೆ ಬೆಲೆ ಇಲ್ಲವಾಯಿತು, ‘ಜಂಟಿ ವಲಯ’ ಎಂಬ ಪದವೂ ಮೂಲೆಗೆ ಸರಿಯಿತು. ಸರ್ಕಾರಕ್ಕೆ ಈಗ ಖಾಸಗಿಯವರು ಬೇಕಾದದ್ದು ಕಾರ್ಖಾನೆಗಲ್ಲ. ರಸ್ತೆ, ಬಂದರು, ವಿಮಾನ ನಿಲ್ದಾಣಗಳಿಗೆ. ಪಿಪಿಪಿ ಒಳಗೆ ಬಂದದ್ದು ಈ ಬಾಗಿಲಿನಿಂದ.

ಬೆಂಗಳೂರಿನ ಹೊಸ ವಿಮಾನ ನಿಲ್ದಾಣದ ಕಂಪನಿ ಬಿಐಎಎಲ್‌ನಲ್ಲಿ ಶುರುವಿನಲ್ಲಿ ಸೀಮೆನ್ಸ್ ಶೇ. 40, ಜ್ಯೂರಿಚ್ ವಿಮಾನ ನಿಲ್ದಾಣದವರು ಶೇ. 17, ಎಲ್ ಅಂಡ್ ಟಿ ಶೇ. 17. ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ ಶೇ. 13, ಕರ್ನಾಟಕದ ಕೈಗಾರಿಕಾ ನಿಗಮ ಕೆಎಸ್‌ಐಐಡಿಸಿ ಶೇ. 13. ಎರಡು ಹದಿಮೂರನ್ನು ಕೂಡಿಸಿ ನೋಡಿ. ಅದೇ 26. ಪದ ಬದಲಾಯಿತು, ಹಗ್ಗದ ತುದಿ ಬದಲಾಗಲಿಲ್ಲ. ಈ ಸಲ ಅದನ್ನು ಇಬ್ಬರು ಹಿಡಿದುಕೊಂಡರು ಅಷ್ಟೆ. ಖಾಸಗಿ ಕಡೆಯ ಷೇರುಗಳು ಆಮೇಲೆ ಕೈಯಿಂದ ಕೈಗೆ ದಾಟಿ ಬಹುಪಾಲು ಕೆನಡಾ ಮೂಲದ ಫೇರ್‌ಫ್ಯಾಕ್ಸ್ ಬಳಗಕ್ಕೆ ಸೇರಿದವು. ಆ 13 ಮತ್ತು 13 ಮಾತ್ರ ಕದಲಲಿಲ್ಲ.

ಆದರೆ ಇದು ಬರೀ ವಾರವಲ್ಲ, ಅರ್ಧ ಭೋಗ್ಯ. ಭೂಮಿ ರಾಜ್ಯ ಸರ್ಕಾರದ್ದು, ಸುಮಾರು 4,000 ಎಕರೆ ಲೀಸಿಗೆ. 2004ರ ಒಪ್ಪಂದದ ಪ್ರಕಾರ ಕಂಪನಿಗೆ 30 ವರ್ಷ ನಡೆಸುವ ಹಕ್ಕು, ಬೇಕಾದರೆ ಇನ್ನೊಂದು 30. ಪ್ರತಿಯಾಗಿ ಕೇಂದ್ರಕ್ಕೆ ಆದಾಯದಲ್ಲಿ ಶೇ. 4, ಅದರಲ್ಲೂ ಮೊದಲ ಹತ್ತು ವರ್ಷದ್ದನ್ನು ತಡವಾಗಿ ಕಟ್ಟಬಹುದು. ಪ್ರಯಾಣಿಕರು ಬಾರದೇ ಹೋದರೆ ಎಂಬ ಭಯ ಹಣ ಹಾಕುವವರಿಗೆ ಇತ್ತಲ್ಲ, ಅದಕ್ಕೆ ಮದ್ದಾಗಿ ಒಪ್ಪಂದದಲ್ಲಿ ಎರಡು ಷರತ್ತು ಸೇರಿದವು. ಒಂದು, ಹಳೆಯ ಎಚ್‌ಎಎಲ್ ನಿಲ್ದಾಣದಲ್ಲಿ ಸಾಮಾನ್ಯ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಬೇಕು. 2008ರ ಮೇ 24ರಂದು ಹೊಸ ನಿಲ್ದಾಣ ತೆರೆದಾಗ, ಸಂಸ್ಥಾನ ಮತ್ತು ವಾಲ್‌ಚಂದ್ ಸೇರಿ ಶುರುಮಾಡಿದ ಆ ಓಡುಹಾದಿಯಿಂದ ಮಾಮೂಲಿ ವಿಮಾನಗಳು ಹಾರುವುದು ನಿಂತಿತು. ಎರಡನೆಯ ಷರತ್ತು: 25 ವರ್ಷ ತುಂಬುವವರೆಗೆ 150 ಕಿ.ಮೀ. ದೂರದೊಳಗೆ ಇನ್ನೊಂದು ವಿಮಾನ ನಿಲ್ದಾಣ ಬರಬಾರದು. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ.

ನಷ್ಟದಲ್ಲಿ ಪಾಲು ಎಂಬ ಮಾತು ನುಣುಚಿಕೊಳ್ಳುವುದು ಇಂಥ ಷರತ್ತುಗಳಲ್ಲಿ. ಬೆಳೆ ಹೋದರೆ ಇಬ್ಬರಿಗೂ ಹೋಗಲಿ ಎನ್ನುವುದು ವಾರ. ಬೆಳೆ ಹೋಗದ ಹಾಗೆ ಪಕ್ಕದ ಹೊಲದವನಿಗೆ ಬಿತ್ತಬೇಡ ಎನ್ನುವುದು ಬೇರೆಯೇ ಸಂಗತಿ. ಷರತ್ತು ಇಲ್ಲದಿದ್ದರೆ ಹಣ ಹಾಕುವವರು ಬರುತ್ತಿದ್ದರೇ ಎಂದು ಕೇಳುವವರಿದ್ದಾರೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಆ ಹೊರೆ ಹೊತ್ತವರು ಒಪ್ಪಂದಕ್ಕೆ ಸಹಿ ಹಾಕಿದವರಲ್ಲ.

ಬೆಂಗಳೂರಿನ ಆಚೆಗೂ ಉದ್ಯಮ ಹರಡಲಿ ಎಂಬ ಕೂಗು ಹಳೆಯದು. 2002ರಲ್ಲಿ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಎಣಿಸಿ ತೋರಿಸಿತ್ತು. ಈಚೆಗೆ ಅದಕ್ಕೆಂದು ಬಂದ ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್‌ನಲ್ಲಿ ಉದ್ಯಮ ಸಂಘಗಳಿಗೆ ಶೇ. 51, ಸರ್ಕಾರಕ್ಕೆ ಶೇ. 49. ಲಾಭ ಹಂಚುವ ಕಂಪನಿ ಅಲ್ಲ ಅದು; ಇಲ್ಲಿ ಪಾಲು ಇರುವುದು ತೀರ್ಮಾನದಲ್ಲಿ. ಮೈಸೂರು, ಹುಬ್ಬಳ್ಳಿ, ಮಂಗಳೂರಿಗೆ ಕಂಪನಿಗಳನ್ನು ಕರೆಯುವ ಕೆಲಸ ಅದರದ್ದು. ಸಹಭಾಗಿತ್ವದ ಚೀಲಕ್ಕೆ ಇದು ನಾಲ್ಕನೆಯ ಸರಕು.

ಹಾಗಾದರೆ ವಿಜಯಪುರದವರ ಸಿಟ್ಟು ಯಾವುದರ ಮೇಲೆ? ಗಡಿಯಾರದ ಕಂಪನಿಯಲ್ಲಿ ಬೆಳೆ ಯಾವುದು ಎಂದು ಗೊತ್ತು, ವಿಮಾನ ನಿಲ್ದಾಣದಲ್ಲೂ ಗೊತ್ತು. ಜಿಲ್ಲಾಸ್ಪತ್ರೆಯನ್ನು ನೆಚ್ಚಿಕೊಂಡು ನಡೆಯುವ ಕಾಲೇಜಿನಲ್ಲಿ ಬೆಳೆ ಯಾವುದು? ಸೀಟಿನ ಶುಲ್ಕವೋ, ಕಾಸಿಲ್ಲದೆ ಬಂದ ರೋಗಿ ವಾಸಿಯಾಗಿ ಮನೆಗೆ ಹೋಗುವುದೋ? ಮೊದಲನೆಯದನ್ನು ಅಳೆದು ಹಂಚಬಹುದು. ಎರಡನೆಯದನ್ನು ಹೇಗೆ ಹಂಚುತ್ತಾರೋ ಜನರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳದಿದ್ದಾಗ ಜನ ತಮಗೆ ತಿಳಿದ ಅರ್ಥವನ್ನೇ ಹಚ್ಚಿಕೊಳ್ಳುತ್ತಾರೆ, ಅವರ ಕಿವಿಗೆ ಪಿಪಿಪಿ ಎಂದರೆ ಮಾರಾಟ.

ಹೊಸೂರಿನ ಮಾತು ಅರ್ಧಕ್ಕೆ ನಿಂತಿತ್ತು. ಟೈಟನ್, ಅಶೋಕ್ ಲೇಲ್ಯಾಂಡ್, ಟಿವಿಎಸ್ ಎಲ್ಲ ಇರುವ ಆ ಊರಿಗೆ ವಿಮಾನ ನಿಲ್ದಾಣ ಮಾಡುವುದಾಗಿ ತಮಿಳುನಾಡು 2024ರಲ್ಲಿ ಘೋಷಿಸಿತು, 2,000 ಎಕರೆಯಲ್ಲಿ. ಆದರೆ ದೇವನಹಳ್ಳಿಯಿಂದ ಅಳೆದರೆ ಹೊಸೂರು ಆ 150 ಕಿ.ಮೀ. ಗೆರೆಯ ಒಳಗೇ ಬೀಳುತ್ತದೆ. ಒಂದು ಸಹಭಾಗಿತ್ವ ಬೆಳೆಸಿದ ಊರಿನ ಆಕಾಶಕ್ಕೆ ಇನ್ನೊಂದು ಸಹಭಾಗಿತ್ವದ ಬೀಗ. ಗಡುವು 2033ರ ಮೇ ತಿಂಗಳು. ಅಲ್ಲಿಯವರೆಗೆ ಹೊಸೂರಿನವರು ಅತ್ತಿಬೆಲೆ ದಾಟಿ, ಸಿಲ್ಕ್ ಬೋರ್ಡ್ ದಾಟಿ, ಹೆಬ್ಬಾಳ ದಾಟಿ ಬರುತ್ತಿರಬೇಕು. ವಿಮಾನಕ್ಕಿಂತ ಆ ದಾರಿಗೇ ಹೆಚ್ಚು ಹೊತ್ತು ಬೇಕು.