ಅಂಕಿ ಕಡಿಮೆ ಆದ್ರ ಕಷ್ಟ ಹೆಚ್ಚೇನು?

ವಿಜಯಪುರದ ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ, ಗಲ್ಲೆಯ ಹಿಂದೆ ಒಂದು ತಾಮ್ರದ ಯಂತ್ರ ತೂಗುಹಾಕಿದ್ದಾರೆ. ಒಂಬತ್ತು ಮನೆ, 1ರಿಂದ 9ರವರೆಗಿನ ಅಂಕಿ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿಸಿದರೂ 15. ಇದರಿಂದ ವ್ಯಾಪಾರ ಕುದುರುತ್ತದಂತೆ. ಎದುರಿನ ಅಂಗಡಿಯಲ್ಲೂ ಇದೇ ಯಂತ್ರ ಐತಲ್ರಿ, ಗಿರಾಕಿ ಯಾರ ಕಡೆ ಹೋಗಬೇಕು ಎಂದರೆ ಕಾಕಾ ಬೆಲ್ಲ ತೂಗುವುದರಲ್ಲಿ ಮುಳುಗುತ್ತಾರೆ.

ನನಗೆ ಅದು ಆಟ ಕಟ್ಟುವ ವಿದ್ಯೆಯ ಮೊದಲ ಪಾಠ. ರವಿವಾರ ಮನೆಗೆ ಬರುವ ಹುಡುಗರಿಗೆ ಇದೇ ಚೌಕದಲ್ಲಿ ಕೆಲವು ಅಂಕಿ ಬಿಟ್ಟು, ಉಳಿದದ್ದು ತುಂಬಿರಿ ಎನ್ನುತ್ತೇನೆ. ‘ಸರ, ಅಂಕಿ ಕಡಿಮಿ ಕೊಡ್ರಿ, ಅಂದ್ರ ಕಷ್ಟ ಆಗ್ತೈತಿ’ ಅಂತ ಒಬ್ಬ. ಸುಡೋಕು ಬಿಡಿಸುವ ದೊಡ್ಡವರದೂ ಇದೇ ತಪ್ಪು ತಿಳಿವಳಿಕೆ.

ಎಡ ಮೇಲ್ಮೂಲೆಗೆ 2, ನಡುವೆ 5, ಬಲ ಕೆಳಮೂಲೆಗೆ 8 ಕೊಟ್ಟೆ ಅನ್ನಿ. ಮೂರು ಸುಳಿವು ಕೊಟ್ಟ ಹಾಗೆ ಕಾಣುತ್ತದೆ, ನಿಜವಾಗಿ ಕೊಟ್ಟದ್ದು ಒಂದೇ. ನಡುಮನೆಯ ಮೂಲಕ ಹಾಯುವ ನಾಲ್ಕು ಸಾಲುಗಳ ಮೊತ್ತ 60. ಎಲ್ಲ ಅಂಕಿಗಳ ಮೊತ್ತ 45. ಹೆಚ್ಚಾದ 15 ಎಲ್ಲಿಂದ ಬಂತು? ನಡುವಿನ ಅಂಕಿಯನ್ನು ಮೂರು ಸಲ ಹೆಚ್ಚಿಗೆ ಎಣಿಸಿದ್ದರಿಂದ. ಹಾಗಾಗಿ ಅಲ್ಲಿ 5 ಇರಲೇಬೇಕು, ನಾನು ಕೊಡಲಿ ಬಿಡಲಿ. 2 ಮತ್ತು 5 ಕೂತ ಮೇಲೆ ಆ ಸಾಲಿನ ಕೊನೆಗೆ 8 ತಾನಾಗಿಯೇ ಬಂತು. ಊರಿಗೆ ಹೊಸಬರು ದಾರಿ ಕೇಳಿದಾಗ ಮೂವರು ಸೇರಿ ಗೋಳಗುಮ್ಮಟ ತೋರಿಸಿದ ಹಾಗಾಯಿತು. ಅದು ಅವರಿಗೆ ಮೊದಲೇ ಕಾಣುತ್ತಿರುತ್ತದೆ! ಅಜ್ಜಿ ಹಾಕುವ ಒಡಪಿನಲ್ಲೂ ಹಾಗೇ, ಮಾತು ಉದ್ದವಾದ ಮಾತ್ರಕ್ಕೆ ಸುಳಿವು ಬೆಳೆಯುವುದಿಲ್ಲ.

ಈಗ ಮೇಲಿನ ಸಾಲಿನಲ್ಲಿ 2, ಅದರ ಪಕ್ಕ 7, ಇಷ್ಟೇ ಕೊಡಿ. ಮೂರನೆಯದು 6. ನಡುವೆ 5 ಗೊತ್ತೇ ಇದೆ, ಎದುರುಬದುರು ಮನೆಗಳು ಸರಸರ ತುಂಬುತ್ತವೆ. ಅಂಕಿ ಕಡಿಮೆ, ಲೆಕ್ಕ ಸಲೀಸು.

ಸುಡೋಕುವಿಗೆ ಕನಿಷ್ಠ 17 ಅಂಕಿ ಬೇಕು, 16ಕ್ಕೆ ಒಂದೇ ಉತ್ತರ ಬರುವ ಒಗಟು ಇಲ್ಲ ಎಂದು ಡಬ್ಲಿನ್ನಿನ ಗಣಿತಜ್ಞ ಗ್ಯಾರಿ ಮೆಕ್‌ಗೈರ್ ತಂಡ 2012ರಲ್ಲಿ ಕಂಪ್ಯೂಟರಿನಿಂದ ಸಾಧಿಸಿ ತೋರಿಸಿತು. ಆದರೆ 17ರ ಒಗಟುಗಳಲ್ಲಿ ಎಷ್ಟೋ, ‘ಈ ಮನೆಗೆ ಇದೊಂದೇ ಅಂಕಿ, ಈ ಅಂಕಿಗೆ ಇದೊಂದೇ ಮನೆ’ ಎಂಬ ಸಾದಾ ಉಪಾಯಕ್ಕೇ ಬಗ್ಗುತ್ತವೆ. 25 ಅಂಕಿ ಇದ್ದದ್ದು ರಾತ್ರಿಯಿಡೀ ಕೂರಿಸಬಹುದು. ಅದಕ್ಕೇ ಮಟ್ಟ ಅಳೆಯುವವರು ಅಂಕಿ ಎಣಿಸುವುದಿಲ್ಲ. ಮನುಷ್ಯ ಬಳಸುವ ಉಪಾಯಗಳಲ್ಲಿ ಎಷ್ಟನೆಯದು ಬೇಕಾಯಿತು ಎಂದು ನೋಡುತ್ತಾರೆ.

ಬರಿ ಶ್ರಮವೂ ಕಷ್ಟದ ಹಾಗೆ ಕಾಣುತ್ತದೆ. 1883ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ ತಂದ ಹನೋಯ್ ಗೋಪುರದ ಆಟದಲ್ಲಿ ಮೂರು ಕಂಬಗಳ ನಡುವೆ ಒಂದೊಂದೇ ಬಿಲ್ಲೆ ಎತ್ತಿ, ಚಿಕ್ಕದರ ಮೇಲೆ ದೊಡ್ಡದು ಕೂರದಂತೆ, ಇಡೀ ರಾಶಿಯನ್ನು ಬೇರೆ ಕಂಬಕ್ಕೆ ಸಾಗಿಸಬೇಕು. 7 ಬಿಲ್ಲೆಗೆ 127 ನಡೆ, 8ಕ್ಕೆ 255. ಬಿಲ್ಲೆ ಹೆಚ್ಚಿಸಿದರೆ ಕೈ ನೋಯುತ್ತದೆ, ಹೊಸ ವಿಚಾರವೇನೂ ಹೊಳೆಯಬೇಕಿಲ್ಲ. ಇಂಥದ್ದನ್ನು ಮೇಲಿನ ಮಟ್ಟ ಎಂದು ಮಾರುವ ಮೊಬೈಲ್ ಆಟಗಳ ಮೇಲೆ ನನಗೆ ಸಿಟ್ಟಿದೆ.

ಮೊನ್ನೆ ಆ 2, 5, 8ರ ಚೌಕವನ್ನು ಎರಡು ಚೀಟಿಯ ಮೇಲೆ ಗೀಚಿ ಕಾಕಾಗೊಂದು, ಅವರ ಮಗಳಿಗೊಂದು ಕೊಟ್ಟೆ. ಇಬ್ಬರೂ ತುಂಬಿದರು. 2ರ ಪಕ್ಕ ಅವರದು 7, ಮಗಳದು 9. ‘ಯಂತ್ರದಾಗ 7 ಐತಿ, ನಿಂದು ತಪ್ಪು’ ಎಂದರು ಕಾಕಾ. ಅವಳು ಆಗಲೇ ಅಡ್ಡ ಉದ್ದ ಕೂಡಿಸಿ ತೋರಿಸಲು ಶುರುಮಾಡಿದ್ದಳು. ಎಲ್ಲ ಕಡೆಯೂ 15.