ಬೆಲ್ಟಿನಿಂದ ರಿಲೇಗೆ, ರಿಲೇಯಿಂದ ಕಂಪ್ಯೂಟರಿಗೆ: ಸ್ಪೋರ್ಟ್ಸ್ ಕಾರಿನ ಕೂಲಿಂಗ್ ಫ್ಯಾನ್ ಯಾರ ಮಾತು ಕೇಳಬೇಕು?

ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿಕೊಂಡ ಸ್ಪೋರ್ಟ್ಸ್ ಕಾರೊಂದು ಹೆದ್ದಾರಿಯಲ್ಲಿ ತಣ್ಣಗೆ ಓಡಿ, ಸಿಗ್ನಲ್ಲಿನಲ್ಲಿ ನಿಂತ ಐದೇ ನಿಮಿಷಕ್ಕೆ ಹೀಟಾಗುತ್ತದೆ ಎಂಬ ದೂರು ಬಂದರೆ, ಹೆಚ್ಚಿನವರು ಮೊದಲು ಅನುಮಾನಿಸುವುದು ರೇಡಿಯೇಟರನ್ನು. ಹಳೆಯದು ಹೋಗಿ ದಪ್ಪನೆಯ ಅಲ್ಯೂಮಿನಿಯಂ ರೇಡಿಯೇಟರ್ ಬರುತ್ತದೆ, ಕೂಲೆಂಟ್ ಬದಲಾಗುತ್ತದೆ, ಬಿಸಿಯಾದಾಗ ನೀರಿನ ದಾರಿ ತೆರೆಯುವ ಥರ್ಮೋಸ್ಟಾಟ್ ಬದಲಾಗುತ್ತದೆ; ದೂರು ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೆ ಯಾರೋ ಫ್ಯಾನಿನ ರಿಲೇಯನ್ನು, ಅಂದರೆ ಸಣ್ಣ ಕರೆಂಟಿನ ಅಪ್ಪಣೆಯ ಮೇಲೆ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚನ್ನು, ಸಾಕೆಟ್ಟಿನಿಂದ ಕಿತ್ತು ಮಗುಚಿ ನೋಡಿದಾಗ, ಫ್ಯಾನಿಗೆ ಕರೆಂಟ್ ಕೊಡುವ 87 ಎಂಬ ಗುರುತಿನ ಕಾಲು ಕಪ್ಪಗಾಗಿ, ಅದರ ಸುತ್ತಲಿನ ಪ್ಲಾಸ್ಟಿಕ್ ಕಂದುಗಟ್ಟಿ ಕರಗಿ ಸೊಟ್ಟಗಾಗಿರುವುದು ಕಾಣುತ್ತದೆ. ಓಡುವಾಗ ಗಾಳಿ ತಾನಾಗಿಯೇ ನುಗ್ಗುತ್ತಿದ್ದುದರಿಂದ, ಫ್ಯಾನ್ ಕೆಲಸ ಬಿಟ್ಟು ಎಷ್ಟು ದಿನವಾಯಿತೆಂಬುದು ಯಾರಿಗೂ ಗೊತ್ತಾಗಿರುವುದಿಲ್ಲ. ಹೀಗೆ ಸದ್ದಿಲ್ಲದೆ ಕೆಡುವ ಗುಣ ಕೂಲಿಂಗ್ ಫ್ಯಾನಿಗೆ ಮೊದಲಿನಿಂದ ಇದ್ದದ್ದಲ್ಲ.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ, ಪಂಪ್ ಇದ್ದ ಮೊದಮೊದಲ ಕಾರುಗಳನ್ನು ಬಿಟ್ಟರೆ, ಬಿಸಿನೀರು ಮೇಲೇರಿ ತಣ್ಣೀರು ಕೆಳಗಿಳಿಯುವ ಸಹಜ ಹರಿವೇ ಎಂಜಿನ್ನನ್ನು ತಂಪಾಗಿಡುತ್ತಿತ್ತು; ರೇಡಿಯೇಟರಿನ ಹಿಂದೆ ಬೆಲ್ಟಿನಿಂದ ತಿರುಗುವ ಸರಳ ಫ್ಯಾನ್ ಇತ್ತು. ಮುಂದಿನ ದಶಕಗಳಲ್ಲಿ ನೀರಿನ ಪಂಪ್, ಡೈನಮೊ ಮತ್ತು ಫ್ಯಾನ್ ಮೂರನ್ನೂ ಒಂದೇ ಬೆಲ್ಟ್ ತಿರುಗಿಸುವ ವ್ಯವಸ್ಥೆ ಸಾಮಾನ್ಯವಾಯಿತು. ಇದರ ದೋಷಗಳು ಎಲ್ಲರಿಗೂ ತಿಳಿದಿದ್ದವು. ಎಂಜಿನ್ ನಿಧಾನವಾಗಿ ತಿರುಗುವಾಗ, ಅಂದರೆ ಕಾರು ನಿಂತು ಗಾಳಿ ಅತ್ಯಂತ ಹೆಚ್ಚು ಬೇಕಾದಾಗಲೇ, ಫ್ಯಾನ್ ಕೂಡ ನಿಧಾನವಾಗುತ್ತಿತ್ತು. ವೇಗವಾಗಿ ಓಡುವಾಗ ಬೇಡದ ಗಾಳಿಯನ್ನು ಅಬ್ಬರದಿಂದ ಎಳೆಯುತ್ತಿತ್ತು. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ಕೇಳುವ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬ ಭೌತಶಾಸ್ತ್ರದ ಲೆಕ್ಕದಿಂದಾಗಿ, ರೇಸಿಗೆ ಇಳಿಯುವವರು ಬ್ಲೇಡುಗಳನ್ನೇ ಬಿಚ್ಚಿಡುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ವ್ಯವಸ್ಥೆಯ ಒಂದು ಗುಣವನ್ನು ನಾವು ಮರೆತಿದ್ದೇವೆ. ಎಂಜಿನ್ ತಿರುಗಿದರೆ ಫ್ಯಾನ್ ತಿರುಗಲೇಬೇಕಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೆಲ್ಟ್ ಹರಿದರೆ ಡೈನಮೊ ಕೂಡ ನಿಂತು ಡ್ಯಾಶ್‌ಬೋರ್ಡಿನ ಕೆಂಪು ದೀಪ ಆ ಕ್ಷಣವೇ ಹೊತ್ತಿಕೊಳ್ಳುತ್ತಿತ್ತು. ಕೆಟ್ಟ ಸುದ್ದಿಯನ್ನು ಫ್ಯಾನ್ ತಾನೇ ಹೇಳಿಕೊಳ್ಳುತ್ತಿತ್ತು ಎನ್ನಬಹುದು.

ಸಿಲಿಕೋನ್ ದ್ರವ ತುಂಬಿದ ಕ್ಲಚ್ಚಿನ ಮೂಲಕ ಬಿಸಿಯಾದಾಗ ಮಾತ್ರ ಬಿಗಿಯಾಗಿ ಹಿಡಿಯುವ ಫ್ಯಾನ್ ನಡುವಿನ ಪರಿಹಾರವಾಗಿ ಬಂದು, ಎಂಜಿನ್ ಉದ್ದಕ್ಕೆ ಕೂತ ಕಾರುಗಳಲ್ಲಿ ಬಹಳ ಕಾಲ ಉಳಿಯಿತು. ಬೆಲ್ಟಿನ ಫ್ಯಾನನ್ನು ನಿಜವಾಗಿ ಹೊರಹಾಕಿದ್ದು ಕಾರಿನ ವಿನ್ಯಾಸವೇ. 1961ರ ಜಾಗ್ವಾರ್ ಇ-ಟೈಪಿನ ತಗ್ಗಾದ ಮೂತಿಯಲ್ಲಿ ವಿದ್ಯುತ್ ಫ್ಯಾನ್ ಇತ್ತು. ಅದನ್ನು ನಡೆಸುತ್ತಿದ್ದ ಶಾಖದ ಸ್ವಿಚ್ಚನ್ನು ಹಳೆಯ ಕಾರುಗಳ ಪ್ರಿಯರು ಇಂದಿಗೂ ‘ಆಟರ್ ಸ್ವಿಚ್’ ಎಂದೇ ಕರೆಯುತ್ತಾರೆ. 1966ರ ಲ್ಯಾಂಬೊರ್ಗಿನಿ ಮ್ಯೂರಾದಲ್ಲಿ ಎಂಜಿನ್ ಸೀಟಿನ ಹಿಂದೆ, ರೇಡಿಯೇಟರ್ ಮುಂದೆ. ಅಷ್ಟು ದೂರಕ್ಕೆ ಬೆಲ್ಟ್ ಎಳೆಯುವ ಪ್ರಶ್ನೆಯೇ ಇರಲಿಲ್ಲ. 1969ರ ಫಿಯಟ್ 128 ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ರೇಡಿಯೇಟರನ್ನು ಮುಂದಿಟ್ಟು, ತಾಪಕ್ಕೆ ತಕ್ಕಂತೆ ತಾನೇ ಚಾಲೂ ಆಗುವ ವಿದ್ಯುತ್ ಫ್ಯಾನನ್ನು ಮನೆಮಂದಿಯ ಕಾರಿಗೆ ತಂದಿತು. ಅಲ್ಲಿಂದ ಮುಂದೆ ಈ ಫ್ಯಾನ್ ದುಬಾರಿ ಕಾರುಗಳ ಸ್ವತ್ತಾಗಿ ಉಳಿಯಲಿಲ್ಲ.

ಫ್ಯಾನಿಗೆ ಕರೆಂಟ್ ಎಲ್ಲಿಂದ ಬರಬೇಕು ಎಂಬ ತೊಂದರೆಯೂ ಆಗಲೇ ಹುಟ್ಟಿಕೊಂಡಿತು. ಆ ಕಾಲದ ಬ್ರಿಟಿಷ್ ಕಾರುಗಳಲ್ಲಿದ್ದ ಲ್ಯೂಕಾಸ್ ಸಿ40 ಡೈನಮೊ ಗರಿಷ್ಠ 22 ಆಂಪಿಯರ್ ಕೊಡುತ್ತಿತ್ತು, ಅದೂ ಎಂಜಿನ್ ಚುರುಕಾಗಿ ತಿರುಗುವಾಗ. ಐಡಲಿಂಗಿನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ನಿಧಾನವಾಗಿ ತಿರುಗುವಾಗ, ಬಹುತೇಕ ಏನೂ ಇಲ್ಲ. 1960ರ ಕ್ರೈಸ್ಲರ್ ವೇಲಿಯಂಟ್, ಎಂಜಿನ್ ನಿಧಾನವಾಗಿದ್ದಾಗಲೂ ಕರೆಂಟ್ ಕೊಡಬಲ್ಲ ಆಲ್ಟರ್ನೇಟರನ್ನು ಸಾಮಾನ್ಯ ಕಾರಿಗೆ ತಂದು ದಾರಿ ತೋರಿತಾದರೂ, ಹಳೆಯ ಸ್ಪೋರ್ಟ್ಸ್ ಕಾರಿಗೆ ಇಂದಿನ ಫ್ಯಾನ್ ಜೋಡಿಸುವವರು ಡೈನಮೊವನ್ನು ಹಾಗೆಯೇ ಬಿಟ್ಟು, ರಾತ್ರಿ ಮಳೆಯಲ್ಲಿ ದೀಪ, ವೈಪರ್, ಫ್ಯಾನ್ ಮೂರೂ ಒಟ್ಟಿಗೆ ನಡೆದಾಗ ಬ್ಯಾಟರಿ ಬರಿದಾಗುವುದನ್ನು ಈಗಲೂ ಕಾಣುತ್ತೇವೆ.

ಕಾರ್ಖಾನೆಯ ಕಾರುಗಳಲ್ಲಿ ಫ್ಯಾನಿನ ಮೋಟಾರು, ವೈರಿನ ದಪ್ಪ, ಫ್ಯೂಸು, ಸ್ವಿಚ್ಚಿನ ಜಾಗ ಇವೆಲ್ಲ ಒಂದಕ್ಕೊಂದು ಹೊಂದುವಂತೆ ಲೆಕ್ಕ ಹಾಕಿ ಇಟ್ಟವು. ಮಾರ್ಪಾಡು ಮಾಡುವವರು ಸಾಮಾನ್ಯವಾಗಿ ಬದಲಿಸುವುದು ಒಂದನ್ನು, ಬಿಡುವುದು ಉಳಿದ ಮೂರನ್ನು. ಫೋರ್ಡ್ ಟಾರಸ್ ಮತ್ತು ಲಿಂಕನ್ ಮಾರ್ಕ್ 8 ಕಾರುಗಳ ದೊಡ್ಡ ಫ್ಯಾನುಗಳು ಗುಜರಿಯಲ್ಲಿ ಸುಲಭವಾಗಿ ಸಿಗುತ್ತವೆ, ಬೀಸುವುದೂ ಜೋರು ಎಂಬ ಕಾರಣಕ್ಕೆ ಅಮೆರಿಕದಲ್ಲಿ ಹಳೆಯ ಕಾರುಗಳನ್ನು ವೇಗಕ್ಕಾಗಿ ಮಾರ್ಪಡಿಸುವ ಹಾಟ್‌ರಾಡ್ ವಲಯದಲ್ಲಿ ಹೆಸರು ಮಾಡಿದವು. ಇವು ಪೂರ್ಣ ವೇಗದಲ್ಲಿ 30 ಆಂಪಿಯರಿಗೂ ಮೇಲೆ ಎಳೆಯುತ್ತವೆ. ನಿಂತಿರುವ ಮೋಟಾರಿನಲ್ಲಿ ಕರೆಂಟಿಗೆ ಎದುರೊಡ್ಡುವ ಹಿಮ್ಮುಖ ವೋಲ್ಟೇಜ್ ಇನ್ನೂ ಹುಟ್ಟಿರುವುದಿಲ್ಲವಾದ್ದರಿಂದ, ಚಾಲೂ ಆಗುವ ಆ ಅರೆಕ್ಷಣದಲ್ಲಿ ಅದೇ ಫ್ಯಾನ್ ನೂರು ಆಂಪಿಯರಿನ ಹತ್ತಿರಕ್ಕೆ ಹೋಗಬಲ್ಲದು. ಕಾರಿನೊಂದಿಗೆ ಬಂದ ಸಣ್ಣ ರಿಲೇಗೆ ಇದನ್ನು ಜೋಡಿಸಿದರೆ, ಅದರ ಸಂಪರ್ಕಬಿಂದುಗಳು ಪ್ರತಿ ಸಲವೂ ಒಂದಿಷ್ಟು ಸುಡುತ್ತ ಹೋಗಿ, ಒಂದು ದಿನ ಅಂಟಿಕೊಳ್ಳುತ್ತವೆ ಅಥವಾ ಕರೆಂಟ್ ಬಿಡುವುದನ್ನೇ ನಿಲ್ಲಿಸುತ್ತವೆ. ಅಂಟಿಕೊಂಡರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ. ಕರೆಂಟ್ ಬಿಡದಿದ್ದರೆ ಎಂಜಿನ್ ಕುದಿದು ಅದರೊಳಗಿನ ಹೆಡ್ ಗ್ಯಾಸ್ಕೆಟ್ ಎಂಬ ಸೀಲು ಹೋಗುತ್ತದೆ. ಮೊದಲನೆಯದೇ ಅಗ್ಗ.

ಮೊದಲಿಗೆ ಹೇಳಿದ ಕರಗಿದ ಸಾಕೆಟ್ಟಿನ ವಿಷಯಕ್ಕೆ ಬಂದರೆ, ಅದರ ಹಿಂದಿನ ಲೆಕ್ಕ ಕಿರಿದು. ಸಡಿಲವಾದ ಟರ್ಮಿನಲ್ ಒಂದರಲ್ಲಿ 0.02 ಓಮ್ ಪ್ರತಿರೋಧ ಸೇರಿಕೊಂಡಿತೆನ್ನಿ. ಸಾಮಾನ್ಯ ಮಲ್ಟಿಮೀಟರಿಗೆ ಅದು ಕಾಣಿಸುವುದೇ ಇಲ್ಲ. 30 ಆಂಪಿಯರ್ ಹರಿದಾಗ ಆ ಒಂದು ಬಿಂದುವಿನಲ್ಲಿ 18 ವ್ಯಾಟ್ ಶಾಖ ಹುಟ್ಟುತ್ತದೆ, ಅಂದರೆ ಸಣ್ಣ ಸೋಲ್ಡರಿಂಗ್ ಐರನ್ನೊಂದನ್ನು ಪ್ಲಾಸ್ಟಿಕ್ಕಿಗೆ ಒತ್ತಿ ಹಿಡಿದಂತೆ. ಫ್ಯೂಸಿಗೆ ಇದರ ಅರಿವೇ ಇರುವುದಿಲ್ಲ, ಏಕೆಂದರೆ ಕರೆಂಟ್ ಹೆಚ್ಚಾಗಿಲ್ಲ. ಇನ್ನು ವೈರಿನ ಮಾತು: 1.5 ಚದರ ಮಿಲಿಮೀಟರ್ ದಪ್ಪದ ಮೂರು ಮೀಟರ್ ತಾಮ್ರದ ವೈರಿನಲ್ಲಿ 30 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. 4 ಚದರ ಮಿಲಿಮೀಟರಿನ ವೈರಿನಲ್ಲಿ ಅದು 0.4 ವೋಲ್ಟಿನೊಳಗೆ ನಿಲ್ಲುತ್ತದೆ.

ಫ್ಯೂಸ್ ಇರುವುದು ವೈರನ್ನು ಕಾಯಲು, ಮೋಟಾರನ್ನಲ್ಲ. ಬ್ಲೇಡ್ ಮಾದರಿಯ ಫ್ಯೂಸು ತನ್ನ ಮೇಲೆ ಬರೆದ ಅಂಕಿಗಿಂತ ಮೂರನೆಯ ಒಂದು ಪಾಲು ಹೆಚ್ಚಿನ ಕರೆಂಟನ್ನು ನಿಮಿಷಗಳ ಕಾಲ ತಾಳಿಕೊಳ್ಳಬಲ್ಲದು, ಆದ್ದರಿಂದ ವೈರು ಅಷ್ಟನ್ನೂ ತಾಳುವಂತಿರಬೇಕು. ಮತ್ತು ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಫ್ಯಾನಿನ ಹತ್ತಿರ ಕೂರಿಸಿದ ಫ್ಯೂಸ್, ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರು ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಏನೂ ಮಾಡಲಾರದು. ಫ್ಯೂಸು ಪದೇ ಪದೇ ಹೋಗುತ್ತದೆಂದು ದೊಡ್ಡ ಅಂಕಿಯದನ್ನು ತುರುಕುವುದು ಈ ಕೆಲಸದಲ್ಲಿ ನಾನು ಕಂಡಿರುವ ಅತ್ಯಂತ ಅಪಾಯದ ಅಭ್ಯಾಸ.

ಕರೆಂಟಿನ ಹಾದಿ ಸರಿಯಾದ ಮೇಲೆ ಅಪ್ಪಣೆಯ ಪ್ರಶ್ನೆ ಉಳಿಯುತ್ತದೆ. ಹಳೆಯ ಶಾಖದ ಸ್ವಿಚ್ಚಿಗೆ ಎರಡು ಅಂಕಿಗಳಿರುತ್ತವೆ, ಉದಾಹರಣೆಗೆ 95 ಡಿಗ್ರಿ ಸೆಲ್ಸಿಯಸ್ಸಿಗೆ ಚಾಲೂ, 88ಕ್ಕೆ ಬಂದ್. ಈ ಅಂತರ ಇಲ್ಲದಿದ್ದರೆ ಫ್ಯಾನ್ ಗಳಿಗೆಗೊಮ್ಮೆ ನಿಂತು ಹೊರಡುತ್ತಿರುತ್ತದೆ. ಎಂಜಿನ್ ತಣ್ಣಗಿರಲಿ ಎಂಬ ಆಸೆಯಿಂದ ಬಂದ್ ಆಗುವ ಅಂಕಿಯನ್ನು ಥರ್ಮೋಸ್ಟಾಟ್ ತೆರೆದುಕೊಳ್ಳುವ ತಾಪಕ್ಕಿಂತ ಕೆಳಗಿಟ್ಟರೆ ಫ್ಯಾನ್ ನಿಲ್ಲುವುದೇ ಅಪರೂಪವಾಗುತ್ತದೆ. ಇನ್ನೊಂದು ಬದಿಯಲ್ಲಿ, 1980ರ ದಶಕದ ಶೆವ್ರೊಲೆ ಕಾರ್ವೆಟ್ಟಿನಂಥ ಕಾರುಗಳು 105 ಡಿಗ್ರಿಗೂ ಮೇಲೆ ಹೋದ ನಂತರವೇ ಫ್ಯಾನನ್ನು ಎಬ್ಬಿಸುತ್ತಿದ್ದವು. ಒಂದು ಬಾರ್ ಒತ್ತಡದ ಮುಚ್ಚಳದಡಿ ಬರೀ ನೀರೇ ಕುದಿಯುವುದು 120 ಡಿಗ್ರಿಗೆ, ಕೂಲೆಂಟ್ ಬೆರೆತರೆ ಇನ್ನೂ ಮೇಲೆ. ಹಾಗಾಗಿ ಮೂಲ ಸ್ಥಿತಿಯ ಎಂಜಿನ್ನಿಗೆ ಅದು ನಡೆಯುತ್ತದೆ. ಟರ್ಬೊ ಜೋಡಿಸಿ ಅದೇ ಎಂಜಿನ್ನಿನಿಂದ ಒಂದೂವರೆ ಪಟ್ಟು ಶಕ್ತಿ ತೆಗೆಯುವವರಿಗೆ ಉಳಿದಿರುವ ಅವಕಾಶ ಸಾಲದು.

ಅಂಕಿಗಿಂತಲೂ ಹೆಚ್ಚು ಮೋಸ ಮಾಡುವುದು ಸೆನ್ಸರ್ ಕೂತ ಜಾಗ. ಮಾಜ್ಡಾ ಎಂಎಕ್ಸ್-5ರ ಮೊದಲ ತಲೆಮಾರಿನ 1.6 ಲೀಟರ್ ಕಾರಿನಲ್ಲಿ ಫ್ಯಾನಿನ ಸ್ವಿಚ್ ಎಂಜಿನ್ನಿನ ಮುಂಭಾಗದಲ್ಲಿ, ಥರ್ಮೋಸ್ಟಾಟಿನ ಬಳಿ ಇದೆ. ಟರ್ಬೊ ಹಾಕಿದವರು ಹಿಂದಿನ ಸಿಲಿಂಡರುಗಳಿಗೂ ಸಮನಾಗಿ ನೀರು ಹರಿಯಲೆಂದು ಕೂಲೆಂಟಿನ ಹೊರದಾರಿಯನ್ನು ಎಂಜಿನ್ನಿನ ಹಿಂಭಾಗಕ್ಕೆ ಬದಲಿಸುತ್ತಾರೆ. ಒಳ್ಳೆಯ ಮಾರ್ಪಾಡೇ ಸರಿ. ಆದರೆ ಸ್ವಿಚ್ಚನ್ನು ಹಳೆಯ ಜಾಗದಲ್ಲೇ ಬಿಟ್ಟರೆ ಅದು ಬಿಸಿನೀರಿನ ಮುಖ್ಯ ಹರಿವಿನಿಂದ ಪಕ್ಕಕ್ಕೆ ಬಿದ್ದು, ಎಂಜಿನ್ ಕುದಿಯುತ್ತಿದ್ದರೂ ತಡವಾಗಿ ಎಚ್ಚರಗೊಳ್ಳುತ್ತದೆ. ರೇಡಿಯೇಟರಿನ ಮೇಲ್ತುದಿಯಲ್ಲಿ ಕೂತ ಸ್ವಿಚ್ಚಿಗೆ ಬೇರೆಯೇ ಕಷ್ಟ: ನೀರು ಸೋರಿ ಮಟ್ಟ ಇಳಿದಾಗ ಅದರ ಸುತ್ತ ನಿಂತ ಗಾಳಿ ಮಾತ್ರ ಇರುತ್ತದೆ. ಫಿಯಟ್ ಎಕ್ಸ್1/9ನಂತೆ ಎಂಜಿನ್ ನಡುವಿನಲ್ಲಿದ್ದು ಉದ್ದದ ಕೊಳವೆಗಳ ಮೂಲಕ ನೀರು ಮುಂದಕ್ಕೆ ಹೋಗಿಬರುವ ಕಾರುಗಳಲ್ಲಿ, ಸರಿಯಾಗಿ ಹೊರಬಿಡದ ಗಾಳಿಗುಳ್ಳೆಯೊಂದೇ ಇಷ್ಟನ್ನೂ ಮಾಡಬಲ್ಲದು.

1979ರಲ್ಲಿ ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ ಇಂಧನ ಮತ್ತು ಇಗ್ನಿಷನ್ನನ್ನು ಒಂದೇ ಕಂಪ್ಯೂಟರಿನ ಕೈಗೆ ಕೊಟ್ಟಿತು. ಅಂಥ ಕಂಪ್ಯೂಟರುಗಳು ವ್ಯಾಪಕವಾಗುತ್ತಿದ್ದಂತೆ ಫ್ಯಾನೂ ಅವುಗಳ ಆಡಳಿತಕ್ಕೆ ಸೇರಿತು. ಕಾರ್ಖಾನೆಯ ಎಂಜಿನಿಯರುಗಳು ಇಲ್ಲಿ ಬೆಲ್ಟಿನ ಕಾಲದ ಗುಣವನ್ನು ಬೇರೆ ರೂಪದಲ್ಲಿ ಮರಳಿ ತಂದರು. ತಾಪದ ಸೆನ್ಸರಿನ ಪ್ರತಿರೋಧ ತಣ್ಣಗಿದ್ದಾಗ ಹೆಚ್ಚು, ಬಿಸಿಯಾದಾಗ ಕಡಿಮೆ. ಅದರ ವೈರು ತುಂಡಾದರೆ ‘ವಿಪರೀತ ಚಳಿ’ ಎಂಬ ಸುಳ್ಳು ಸಂದೇಶ ಹೋಗುತ್ತದೆ. ಒಳ್ಳೆಯ ಕಂಪ್ಯೂಟರ್ ಇದನ್ನು ನಂಬದೆ, ಸೆನ್ಸರ್ ಕೆಟ್ಟಿದೆಯೆಂದು ತೀರ್ಮಾನಿಸಿ ಫ್ಯಾನನ್ನು ಪೂರ್ಣವಾಗಿ ಚಾಲೂ ಮಾಡಿ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿಸುತ್ತದೆ. ಬಿಡಿಯಾಗಿ ಮಾರುವ ಅಗ್ಗದ ನಿಯಂತ್ರಕಗಳಲ್ಲಿ ಹಲವು ಆ ಸುಳ್ಳನ್ನು ನಂಬಿ ಸುಮ್ಮನಿರುತ್ತವೆ. ಹೊರಗಿನಿಂದ ತಂದ ರೇಸ್ ಕಂಪ್ಯೂಟರ್ ಹಾಕುವವರು ಯಾವಾಗ ಎಷ್ಟು ಇಂಧನ ಎಂಬ ನಕ್ಷೆಗೆ ವಾರಗಟ್ಟಲೆ ಕೊಟ್ಟು, ಸೆನ್ಸರ್ ಕೆಟ್ಟಾಗ ಫ್ಯಾನ್ ಏನು ಮಾಡಬೇಕೆಂಬ ಒಂದು ಸಾಲನ್ನು ಖಾಲಿ ಬಿಡುವುದೂ ಉಂಟು.

ಕೆಲವರು, ರಿಲೇ ಸುಮ್ಮನಿರುವಾಗ ಕರೆಂಟ್ ಹರಿಸುವ 87ಎ ಕಾಲನ್ನು ಬಳಸಿ, ಅಪ್ಪಣೆ ತಪ್ಪಿದರೆ ಫ್ಯಾನ್ ತಾನಾಗಿ ತಿರುಗುವಂತೆ ಜೋಡಿಸುತ್ತಾರೆ. ಯೋಚನೆ ಸರಿ, ಆದರೆ ಹೆಚ್ಚಿನ ರಿಲೇಗಳಲ್ಲಿ ಆ ಕಾಲಿನ ಸಾಮರ್ಥ್ಯ 87ರದಕ್ಕಿಂತ ಕಡಿಮೆ ಎಂಬುದನ್ನು ರಿಲೇಯ ಮೈಮೇಲೆ ಬರೆದ ಎರಡು ಅಂಕಿಗಳಲ್ಲಿ ಓದಿಕೊಳ್ಳಬೇಕು. ನನಗೆ ಹೆಚ್ಚು ಭರವಸೆ ಇರುವುದು ಒಂದು ದೊಡ್ಡ ಫ್ಯಾನಿನ ಬದಲು ಎರಡು ಚಿಕ್ಕ ಫ್ಯಾನುಗಳನ್ನು ಬೇರೆ ಬೇರೆ ರಿಲೇ, ಬೇರೆ ಬೇರೆ ಫ್ಯೂಸಿನಿಂದ, ನಾಲ್ಕೈದು ಡಿಗ್ರಿ ಅಂತರದಲ್ಲಿ ನಡೆಸುವುದರಲ್ಲಿ. ಒಂದು ಕೆಟ್ಟರೂ ಇನ್ನೊಂದು ಇರುತ್ತದೆ, ಎರಡೂ ಒಟ್ಟಿಗೆ ಹೊರಟು ಐಡಲಿಂಗ್ ಕುಸಿಯುವುದೂ ತಪ್ಪುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೈಸ್ವಿಚ್ ಇಡುವುದಾದರೆ ಅದು ಫ್ಯಾನನ್ನು ಚಾಲೂ ಮಾಡಲು ಮಾತ್ರ ಬರುವಂತಿರಬೇಕು. ಬಂದ್ ಮಾಡಬಲ್ಲ ಸ್ವಿಚ್ ಒಂದು ದಿನ ಬಂದ್ ಆಗಿಯೇ ಉಳಿದಿರುತ್ತದೆ.

ಹೆಚ್ಚು ಜನ ನಿರೀಕ್ಷಿಸದ ಇನ್ನೊಂದು ದೋಷವಿದೆ. ಓಡುವ ಕಾರಿನಲ್ಲಿ ನುಗ್ಗುವ ಗಾಳಿಗೆ ತಿರುಗುವ ಫ್ಯಾನ್ ಜನರೇಟರಿನಂತೆ ಕರೆಂಟ್ ಹುಟ್ಟಿಸುತ್ತದೆ. ಫ್ಯಾನಿನ ಮುಖ್ಯ ಕರೆಂಟನ್ನೂ ಇಗ್ನಿಷನ್ ಸ್ವಿಚ್ಚಿನ ಮೂಲಕವೇ ತೆಗೆದಿದ್ದರೆ, ಕೀಲಿ ತಿರುಗಿಸಿ ಬಂದ್ ಮಾಡಿದ ಮೇಲೂ ಆ ಕರೆಂಟ್ ಹಿಂದಕ್ಕೆ ಹರಿದು ಇಗ್ನಿಷನ್ನಿಗೆ ತಲುಪಿ, ಎಂಜಿನ್ ಕ್ಷಣಕಾಲ ನಿಲ್ಲದೆ ನಡೆಯುವುದುಂಟು. ಮೋಟಾರಿನ ಕರೆಂಟ್ ಫ್ಯೂಸಿನ ಮೂಲಕ ನೇರ ಬ್ಯಾಟರಿಯಿಂದ, ರಿಲೇಯನ್ನು ಎಬ್ಬಿಸುವ ಕಾಯಿಲಿನದು ಮಾತ್ರ ಇಗ್ನಿಷನ್ನಿನಿಂದ ಬಂದರೆ ಈ ಕಾಟವಿಲ್ಲ. ಕಾಯಿಲಿನ ಕರೆಂಟ್ ತಟ್ಟನೆ ಕಡಿದಾಗ ಏಳುವ ವೋಲ್ಟೇಜಿನ ಚಿಮ್ಮು ಕಂಪ್ಯೂಟರಿನ ಟ್ರಾನ್ಸಿಸ್ಟರನ್ನು ಸುಡದಂತೆ ಡಯೋಡ್ ಅಥವಾ ರೆಸಿಸ್ಟರ್ ಒಳಗೊಂಡ ರಿಲೇಯನ್ನೇ ಆರಿಸಬೇಕು. ಡಯೋಡ್ ಇರುವ ರಿಲೇಯಲ್ಲಿ ಕಾಯಿಲಿನ ಕಾಲುಗಳಾದ 85 ಮತ್ತು 86 ಅದಲುಬದಲಾದರೆ ಅದು ಶಾರ್ಟಿಗೆ ಸಮ.

ಈಚಿನ ಬೆಳವಣಿಗೆ ರಿಲೇಯನ್ನೇ ಕೈಬಿಟ್ಟಿದೆ. ಕರೆಂಟನ್ನು ಕ್ಷಣಕ್ಕೆ ಹಲವು ಬಾರಿ ಕಡಿದು ಕೊಡುವ ಪಿಡಬ್ಲ್ಯುಎಂ ವಿಧಾನದಲ್ಲಿ ಫ್ಯಾನ್ ಬೇಕಾದಷ್ಟೇ ವೇಗದಲ್ಲಿ, ಜರ್ಕಿಲ್ಲದೆ ಹೊರಡುತ್ತದೆ. ರೇಸ್ ಕಾರುಗಳಿಂದ ಇಳಿದುಬಂದ ಪವರ್ ಡಿಸ್ಟ್ರಿಬ್ಯೂಷನ್ ಘಟಕಗಳು ಪ್ರತಿ ಫ್ಯಾನ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಅಳೆಯುತ್ತಿರುತ್ತವೆ: ಸೊನ್ನೆಯಾದರೆ ವೈರು ಕಡಿದಿದೆ, ವಿಪರೀತ ಏರಿದರೆ ಬ್ಲೇಡ್ ಸಿಕ್ಕಿಕೊಂಡಿದೆ. ಬೆಲ್ಟ್ ಹರಿದಾಗ ಹೊತ್ತುತ್ತಿದ್ದ ಕೆಂಪು ದೀಪ ಮರಳಿ ಬಂದಿರುವುದು ಇಲ್ಲಿಯೇ. ಒಳಗೇ ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಬ್ರಷ್‌ಲೆಸ್ ಫ್ಯಾನುಗಳಲ್ಲಿ ಸಂಕೇತದ ವೈರು ತುಂಡಾದಾಗ ಪೂರ್ಣ ವೇಗಕ್ಕೆ ಹೋಗುವವೂ ಇವೆ, ನಿಂತುಬಿಡುವವೂ ಇವೆ. ತಯಾರಕರ ಕೈಪಿಡಿಯಲ್ಲಿ ಅದನ್ನು ನೋಡಿಕೊಂಡೇ ಕೊಳ್ಳಬೇಕು.

ಜೋಡಣೆ ಮುಗಿದ ಮೇಲೆ ಪರೀಕ್ಷೆಗೆ ಅರ್ಧ ಗಂಟೆ ಸಾಕು. ಕಾರನ್ನು ನಿಲ್ಲಿಸಿ ಎಂಜಿನ್ ಬಿಸಿಯಾಗಲು ಬಿಟ್ಟು, ಫ್ಯಾನ್ ಹೊರಡುವ ತಾಪವನ್ನು ಬೇರೊಂದು ಮೀಟರಿನಲ್ಲಿ ನೋಡಬೇಕು. ರೇಡಿಯೇಟರಿನ ಹಿಂದೆ ಕೂತ ಫ್ಯಾನಾದರೆ ಮುಂದೆ ಹಿಡಿದ ಕಾಗದದ ತುಂಡು ಒಳಕ್ಕೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಮೋಟಾರಿನ ಎರಡು ವೈರುಗಳು ಅದಲುಬದಲಾಗಿವೆ. ಹತ್ತು ನಿಮಿಷ ಓಡಿದ ಫ್ಯಾನಿನ ರಿಲೇ, ಫ್ಯೂಸ್ ಹೋಲ್ಡರ್ ಮತ್ತು ಅರ್ತ್ ಬೋಲ್ಟನ್ನು ಬೆರಳಿನಿಂದ ಮುಟ್ಟಿದರೆ ಬೆಚ್ಚಗಿರಬಹುದು, ಕೈಯಿಡಲಾಗದಷ್ಟು ಸುಡಬಾರದು. ಆಮೇಲೆ ಸೆನ್ಸರಿನ ಕನೆಕ್ಟರನ್ನು ಕಿತ್ತು ಫ್ಯಾನ್ ಏನು ಮಾಡುತ್ತದೆಂದು ಗಮನಿಸಬೇಕು. ಇದೆಲ್ಲ ನಡೆಯುವಾಗ ಅಂಗಿಯ ತೋಳು, ಕೂದಲು, ಬೆರಳುಗಳು ಬ್ಲೇಡಿನಿಂದ ದೂರವಿರಲಿ, ಏಕೆಂದರೆ ಫ್ಯಾನಿನ ಅಪ್ಪಣೆ ಇಗ್ನಿಷನ್ನಿನ ಮೂಲಕ ಹೋಗದ ಕಾರುಗಳಲ್ಲಿ ಎಂಜಿನ್ ಬಂದ್ ಆಗಿ ಕೀಲಿ ಜೇಬಿನಲ್ಲಿದ್ದರೂ, ನಿಂತ ನೀರು ಇನ್ನಷ್ಟು ಬಿಸಿಯಾದಾಗ ಈ ಫ್ಯಾನ್ ಯಾವ ಮುನ್ಸೂಚನೆಯೂ ಇಲ್ಲದೆ ಎದ್ದು ತಿರುಗಬಲ್ಲದು.